ಹುಳದ ಮನೆಯಲ್ಲಿ ಸ್ಪ್ಯಾನಿಷ್ ಪರೀಕ್ಷೆ

ಮೊಮ್ಮಗಳು ಸ್ಪ್ಯಾನಿಷ್ ಪರೀಕ್ಷೆಯಲ್ಲಿ ಫೇಲಾದ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ನಾನು ಮಾಡಿದೆ. ಫೇಲಾದವಳು ಅವಳು, ಮುದ್ದೆ ಏನು ತಪ್ಪು ಮಾಡಿತ್ತು?

ನಮ್ಮೂರು ಚನ್ನಪಟ್ಟಣದ ಹತ್ತಿರ, ದೊಡ್ಡಮಳೂರಿನಿಂದ ಸ್ವಲ್ಪ ಒಳಗೆ. ಹಿಪ್ಪುನೇರಳೆ ಬೆಳೆಯುತ್ತೇವೆ, ರೇಷ್ಮೆ ಹುಳ ಸಾಕುತ್ತೇವೆ. ಇಂಥ ಮನೆಗೆ ಸ್ಪ್ಯಾನಿಷ್ ಹೇಗೆ ಬಂತು ಎಂದರೆ, ಮೊಮ್ಮಗಳ ಹಿಂದೆ ಬಂತು. ಅವಳು ಬಿ.ಕಾಂ. ಮುಗಿಸಿ ಬಿಡದಿ ಕಡೆಯ ಒಂದು ಕಂಪನಿಗೆ ಸೇರಿದ್ದಳು. ಅಲ್ಲಿ ಮಾಡುವ ಯಂತ್ರದ ಬಿಡಿಭಾಗಗಳು ಸ್ಪ್ಯಾನಿಷ್ ಮಾತಾಡುವ ದೇಶಗಳಿಗೆ ಹೋಗುತ್ತವಂತೆ. ಆ ಜನ ಫೋನ್ ಮಾಡಿದರೆ ಮಾತಾಡಲು, ಬರೆದರೆ ಉತ್ತರ ಬರೆಯಲು ಒಬ್ಬರು ಬೇಕು. ಭಾಷೆ ಕಲಿತು ಸರ್ಟಿಫಿಕೇಟು ತಂದರೆ ಕೆಲಸ ಖಾಯಂ, ಇಲ್ಲವಾದರೆ ಆ ಕುರ್ಚಿಗೆ ಬೇರೆಯವರು ಎಂದಿದ್ದರು. ಇವಳೋ, ಚನ್ನಪಟ್ಟಣದ ಮರದ ಬೊಂಬೆಯೊಂದನ್ನು ಆಗಲೇ ಆ ಮೇಜಿನ ಮೇಲೆ ಇಟ್ಟು ಬಂದಿದ್ದಳು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಮೊದಲ ಸಲ ಫೇಲು. ಇನ್ನೊಂದು ಸಲ ಬರೆಯಲು ಬಿಟ್ಟಿದ್ದರು, ಅದೇ ಕೊನೆ.

ಯಾಕೆ ಫೇಲಾದೆ ಎಂದು ಕೇಳಿದರೆ ಗೆರೆಯಿಂದ ಎಂದಳು. ಆ ಭಾಷೆಯಲ್ಲಿ ಕೆಲವು ಅಕ್ಷರಗಳ ತಲೆಯ ಮೇಲೆ ಸಣ್ಣದೊಂದು ಓರೆ ಗೆರೆ ಎಳೆಯಬೇಕಂತೆ. ಇವಳು ಬೇಕಾದ ಕಡೆ ಬಿಟ್ಟು, ಬೇಡದ ಕಡೆ ಎಳೆದು ಬಂದಿದ್ದಳು.

"ಲೇ, ಒಂದ್ ಗೆರೆಗೆ ಇಷ್ಟ್ ಅಳ್ತಾರೇನೆ? ನಾನು ನಾಕ್ನೇ ಕ್ಲಾಸಿಗೆ ಸ್ಕೂಲೇ ಬುಟ್ಟೆ. ಒಂದ್ ತೊಟ್ಟು ಕಣ್ಣೀರ್ ಹಾಕ್ಲಿಲ್ಲ."

"ನೀನು ಖುಷಿಯಿಂದ ಬುಟ್ಟಿರ್ತೀಯ, ಬುಡಜ್ಜಿ."

"ಹೂಂ ಮತ್ತೆ. ಮೇಷ್ಟ್ರು ಬತ್ತಿದ್ದಿದ್ದೇ ಕುಕ್ಕರಗಾಲಲ್ಲಿ ಕೂರ್ಸಾಕೆ."

ಅವಳ ತಾಯಿಗೆ, ಅಂದರೆ ನನ್ನ ಸೊಸೆಗೆ, ಮಗಳ ಪಾಠ ಕೇಳುವಷ್ಟು ಬಿಡುವಿಲ್ಲ. ನನ್ನ ಮಗ ತೋಟದಿಂದ ಬಂದರೆ ಕೂತಲ್ಲೇ ನಿದ್ದೆ. ಮಿಕ್ಕವಳು ನಾನು. ಆಗ ತಾನೇ ಹೊಸ ಬೆಳೆ ಶುರುವಾಗಿತ್ತು. ಹುಳ ಇನ್ನೂ ಎಳೆಯದು, ಇರುವೆಯಷ್ಟು. ಅವಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ನಾನು ಮಣೆಯ ಮುಂದೆ ಕೂತು ಸೊಪ್ಪು ಹೆಚ್ಚುವಾಗ ಅವಳು ಎದುರಿಗೆ ಕೂತು ಪದ ಒಪ್ಪಿಸಬೇಕು ಎಂದು ಗೊತ್ತು ಮಾಡಿದೆ. ನಮ್ಮ ಕಾಲದಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ಹಾಗೆ, ಗಟ್ಟಿಯಾಗಿ. ಮನಸ್ಸಿನಲ್ಲಿ ಓದುವುದು ಓದೇ ಅಲ್ಲ. ಮನಸ್ಸಿನಲ್ಲಿ ಉಂಡರೆ ಹೊಟ್ಟೆ ತುಂಬುತ್ತದೆಯೇ?

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಪದ ಬರೆದುಕೊಂಡಳು. ಒಂದು ಬದಿಗೆ ಸ್ಪ್ಯಾನಿಷ್, ಇನ್ನೊಂದು ಬದಿಗೆ ಯಾರದೋ ಬೀಗರ ಔತಣ. ನನಗೆ ಆ ಅಕ್ಷರ ಓದಲು ಬರುವುದಿಲ್ಲ. ಆದರೆ ಗೆರೆ ಇದೆಯೋ ಇಲ್ಲವೋ ನೋಡಲು ಅಕ್ಷರ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಅವಳು ಹೇಳುತ್ತಿದ್ದಳು, ನಾನು ನೋಡುತ್ತಿದ್ದೆ.

ಗೆರೆಯ ಕಟ್ಟಳೆಯನ್ನು ನನಗೂ ಹೇಳು ಎಂದೆ. ಹೇಳಿದಳು, ಅರ್ಥವಾಗಲಿಲ್ಲ. ಮೂರು ಸಲ ಹೇಳಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ಪದ ಅಂದರೆ ಒಂದು ಸಾಲು ಮನೆ. ಹೇಳುವಾಗ ಒಂದು ಮನೆಯ ಮೇಲೆ ಒತ್ತು ಬೀಳುತ್ತದೆ. ಪದದ ಕೊನೆಗೆ ಸ್ವರ ಬಂದರೆ, ಇಲ್ಲವೇ 'ನ್', 'ಸ್' ಬಂದರೆ, ಒತ್ತು ಕೊನೆಯ ಮನೆಗಲ್ಲ, ಅದರ ಹಿಂದಿನ ಮನೆಗೆ. ಬೇರೆ ಯಾವುದಾದರೂ ವ್ಯಂಜನ ಬಂದರೆ ಕೊನೆಯ ಮನೆಗೆ. ಹೀಗೆ ವಾಡಿಕೆಯಂತೆ ನಡೆದುಕೊಂಡು ಹೋಗುವ ಪದಕ್ಕೆ ಗೆರೆ ಬೇಡ. ವಾಡಿಕೆ ಮೀರಿದ ಪದಕ್ಕೆ ಮಾತ್ರ ಹಣೆಯ ಮೇಲೆ ನಾಮ. ಇನ್ನು ಒತ್ತು ಕೊನೆಯಿಂದ ಮೂರನೇ ಮನೆಗೆ ಬಿದ್ದರೆ ಕೇಳುವುದೇ ಬೇಡ, ಯಾವಾಗಲೂ ನಾಮ.

"ಅಂದ್ರೆ ನೆಟ್ಟಗಿರೋರಿಗೆ ನಾಮ ಇಲ್ಲ, ಅಡ್ಡದಾರಿ ಹಿಡ್ದೋರಿಗೇ ನಾಮ. ನಮ್ಮೂರಂಗೇ ಐತೆ ಬುಡು."

"ಅಜ್ಜಿ, ಇದು ವ್ಯಾಕರಣ!"

"ಇರ್ಲಿ ಕಣೇ. ವ್ಯಾಕರಣಕ್ಕೂ ಊರು ಬೇಡ್ವಾ?"

ಒತ್ತು ಎಲ್ಲಿ ಬೀಳುತ್ತದೆ ಎಂಬುದೇ ಅವಳ ಕಿವಿಗೆ ಹತ್ತುತ್ತಿರಲಿಲ್ಲ. ನನಗೆ ಅದು ಕತ್ತಿಯಿಂದ ಹತ್ತಿತು. ಸೊಪ್ಪು ಹೆಚ್ಚುವಾಗ ಕೈಗೆ ಒಂದು ಲಯ ಇರುತ್ತದೆ. ಅವಳು ಹೃದಯ ಎನ್ನಲು "ಕೊ-ರ-ಸೋನ್" ಎಂದರೆ ಕತ್ತಿ ಎರಡು ಸಲ ಮೆಲ್ಲಗೆ ಬಿದ್ದು ಮೂರನೆಯದಕ್ಕೆ ದಪ್ ಎನ್ನುತ್ತಿತ್ತು. ಕೊನೆಗೆ 'ನ್' ಇದೆ, ಆದರೂ ಒತ್ತು ಕೊನೆಯ ಮನೆಗೆ ಬಿದ್ದಿದೆ. ಮೀರಿದೆ, ನಾಮ ಹಾಕು. ಮರಕ್ಕೆ "ಆರ್-ಬೊಲ್" ಎಂದರೆ ಮೊದಲೇ ದಪ್. ಅದೂ ಮೀರಿದ್ದೇ, ನಾಮ. ಹಕ್ಕಿಗೆ "ಪಾ-ಹ-ರೊ". ಮೂರನೇ ಮನೆ, ನಾಮ. ಹುಳಕ್ಕೆ "ಗು-ಸಾ-ನೊ". ನಡುವೆ ದಪ್, ಕೊನೆಗೆ ಸ್ವರ, ವಾಡಿಕೆಯಂತೆ ಇದೆ. ಪಾಪದ್ದು, ನಾಮ ಬೇಡ. ದಿನ ಕಳೆದಂತೆ ಅವಳೂ ಒಂದು ಕತ್ತಿ ಹಿಡಿದು ಕೂತಳು. ಆ ಬೆಳೆಯ ಹುಳ ತಿಂದಷ್ಟು ಸಣ್ಣ ಸೊಪ್ಪನ್ನು ಯಾವ ಹುಳವೂ ತಿಂದಿರಲಿಕ್ಕಿಲ್ಲ.

ಒಂದು ವಿಷಯ ಮಾತ್ರ ನನಗೆ ಬಹಳ ಹಿಡಿಸಿತು. ಹೃದಯ ಒಂದೇ ಇದ್ದರೆ ನಾಮ ಇದೆ, ಹೃದಯಗಳು ಎಂದ ಕೂಡಲೇ ನಾಮ ಹೋಗುತ್ತದೆ. ಯುವಕ ಒಬ್ಬನೇ ಇದ್ದಾಗ ನಾಮ ಇಲ್ಲ, ಯುವಕರು ಎಂದ ಕೂಡಲೇ ಬರುತ್ತದೆ. ಎರಡು ಜಾತಿಯ ಗಂಡಸರನ್ನೂ ನಾನು ನೋಡಿದ್ದೇನೆ. ಮನೆಯಲ್ಲಿ ಒಬ್ಬನೇ ಇದ್ದಾಗ ಭಕ್ತನಾಗಿದ್ದು ಗುಂಪಿನಲ್ಲಿ ಹಣೆ ಒರೆಸಿಕೊಳ್ಳುವವನು ಒಬ್ಬ, ಗುಂಪು ಕಂಡರೆ ಮಾತ್ರ ನಾಮ ಎಳೆದುಕೊಳ್ಳುವವನು ಇನ್ನೊಬ್ಬ.

ನಮಗೆ ಜಗಳ ಬಂದದ್ದು ಪದಗಳ ಆಯ್ಕೆಯಲ್ಲಿ. ಅವಳ ಪುಸ್ತಕದಲ್ಲಿ ಬರೀ ವಿಮಾನ ನಿಲ್ದಾಣ, ಸಮುದ್ರ ತೀರ, ಮ್ಯೂಸಿಯಂ, ಹೋಟೆಲ್ ರೂಮಿನ ಬೀಗದ ಕೈ.

"ಸಮುದ್ರ ನೋಡಿದ್ದೀಯೇನೆ ನೀನು?"

"ಇಲ್ಲ. ಆದ್ರೂ 'ನನ್ನ ರಜೆ' ಅಂತ ಮಾತಾಡಾಕೆ ಹೇಳ್ತಾರೆ, ಅದ್ಕೆ ಬೇಕು."

"ನೋಡ್ದಿರಾದ್ನ ಏನ್ ಮಾತಾಡ್ತೀಯ? ಸೊಪ್ಪಿಗೆ ಏನಂತಾರೆ ಕೇಳು. ಗೂಡಿಗೆ ಏನಂತಾರೆ ಕೇಳು."

"ಪರೀಕ್ಷೆಲಿ ಹುಳ ಬರಲ್ಲ ಅಜ್ಜಿ!"

ಬರಲಿ ಬಿಡಲಿ, ನಾನು ಬಿಡಲಿಲ್ಲ. ನನ್ನ ಕೈಯಲ್ಲಿ ಕತ್ತಿ ಇತ್ತು. ಸಮುದ್ರದ ಒಂದು ಪದಕ್ಕೆ ಹುಳದ ಮನೆಯ ಒಂದು ಪದ ಎಂದು ರಾಜಿಯಾಯಿತು. ಸೊಪ್ಪು, ಗೂಡು, ರೇಷ್ಮೆ, ಹಸಿವು, ನಿದ್ದೆ, ಜ್ವರ. ಹುಳ ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ.

ಬರವಣಿಗೆಯ ಪರೀಕ್ಷೆಯನ್ನು ಬೆಂಗಳೂರಿಗೆ ಹೋಗಿ ಬರೆದು ಬಂದಳು. ಗೆರೆ ಹಾಕುವ ಮುಂಚೆ ಪ್ರತಿ ಪದಕ್ಕೂ ಮೇಜಿನ ಮೇಲೆ ಬೆರಳಿನಿಂದ ಹೆಚ್ಚಿದಳಂತೆ. ಪಕ್ಕದವನು ಎರಡು ಸಲ ತಿರುಗಿ ನೋಡಿದನಂತೆ. ಉಳಿದದ್ದು ಮಾತಿನ ಪರೀಕ್ಷೆ. ಅದು ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ. ಎರಡರಲ್ಲೂ ಪಾಸಾಗಬೇಕು.

ಅವರು ಕೊಟ್ಟ ದಿನ ಬಂದು ಬಿದ್ದದ್ದು ನಾಲ್ಕನೇ ಜ್ವರ ಎದ್ದ ಮೇಲೆ, ಹುಳ ಹಣ್ಣಾಗುವ ಹಿಂದಿನ ದಿನ. ಹಣ್ಣಾಗುವುದು ಎಂದರೆ ತಿಂದು ತಿಂದು ಮೈ ಹೊಳೆದು ನೂಲು ಬಿಡಲು ತಯಾರಾಗುವುದು. ಆ ಹೊತ್ತಿನಲ್ಲಿ ಹೊರಗಿನವರ ಕಣ್ಣು ಹುಳದ ಮೇಲೆ ಬೀಳಬಾರದು. ಇದು ನನ್ನ ಅತ್ತೆಯ ಕಾಲದಿಂದ ಬಂದ ಕಟ್ಟು. ದೃಷ್ಟಿಯಾದರೆ ಮೆಣಸಿನಕಾಯಿ ಸುಟ್ಟು ತೆಗೆಯೋಣ ಎಂದರೆ ಆ ಹೊಗೆಗೆ ಹುಳವೇ ಸಾಯುತ್ತದೆ. ಹಾಗಾಗಿ ಕಣ್ಣು ಬೀಳದ ಹಾಗೆ ನೋಡಿಕೊಳ್ಳುವುದೊಂದೇ ದಾರಿ.

ಅದೇ ವಾರ ನನ್ನ ತಂಗಿ ಮಾಗಡಿ ತಿಪ್ಪಸಂದ್ರದಿಂದ ಬಂದಿದ್ದಳು. ಹುಳ ನೋಡುತ್ತೇನೆ ಎಂದು ನೇರ ಹಿತ್ತಲಿಗೆ ನಡೆದವಳನ್ನು ಅಂಗಳದಲ್ಲೇ ತಡೆದೆ. ತಂಗಿಯದು ಕೆಟ್ಟ ಮನಸ್ಸಲ್ಲ, ಹೊಗಳುವ ಬಾಯಿ. ಹೊಗಳಿದ್ದು ಉಳಿಯುವುದಿಲ್ಲ. ಒಮ್ಮೆ ನಮ್ಮ ಕುಂಬಳ ಬಳ್ಳಿ ನೋಡಿ "ಎಷ್ಟ್ ಚೆಂದಾಗ್ ಕಾಯ್ ಬುಟ್ಟೈತಕ್ಕಾ" ಎಂದಳು. ಅವಳು ಬಸ್ಸು ಹತ್ತುವ ಹೊತ್ತಿಗೆ ಬಳ್ಳಿ ಬಾಡಿತ್ತು.

"ಒಡಹುಟ್ಟಿದೋಳ್ಗೆ ಬಾಗ್ಲು ಹಾಕ್ತೀಯಲ್ಲಕ್ಕಾ. ಒಂದ್ ಹಿಡಿ ಸೊಪ್ ಹಾಕ್ಬುಟ್ ಬತ್ತೀನಿ, ಬುಡು."

"ಸೊಪ್ಪು ನಾನೇ ಹಾಕ್ತೀನಿ. ನೀನ್ ಕಾಪಿ ಕುಡಿ."

ಸೊಪ್ಪಿನ ಮಾತು ಅವಳು ಸುಮ್ಮನೆ ಆಡಿದ್ದಲ್ಲ. ಹೊರಗಿನವರು ನೋಡಲೇಬೇಕಾಗಿ ಬಂದರೆ ಅವರ ಕೈಯಿಂದ ಮೊದಲು ಒಂದು ಹಿಡಿ ಸೊಪ್ಪು ಹಾಕಿಸಬೇಕು. ಮೇವು ಹಾಕಿದ ಕೈಯವರ ಕಣ್ಣು ತಾಗುವುದಿಲ್ಲ ಎಂದು ನಮ್ಮ ಮನೆಯ ನಂಬಿಕೆ. ರೇಷ್ಮೆ ಇಲಾಖೆಯವರು ಬಂದಾಗಲೂ ಹಾಗೇ ಹಾಕಿಸಿದ್ದೆ. ಆದರೆ ತಂಗಿಯ ಬಾಯಿಗೆ ಒಂದು ಹಿಡಿ ಸಾಲದು, ತೋಟವೇ ಬೇಕು. ಅವಳು ಕಾಫಿ ಕುಡಿಯದೆ ಹೋದಳು.

ಪರೀಕ್ಷೆಯ ದಿನ ಪಕ್ಕದ ಮನೆಯಲ್ಲಿ ಬೀಗರೂಟ. ನಮ್ಮ ಗೋಡೆಗೇ ಮೈಕಿನ ಬಾಯಿ ಇಟ್ಟಿದ್ದರು. ಬಂದವರ ಹೆಸರು ಕೂಗುವುದು, ಹಾಡು, ಮತ್ತೆ ಹೆಸರು. ನಿಶ್ಶಬ್ದವಾದ ಕೋಣೆಯಲ್ಲಿ ಒಬ್ಬಳೇ ಕೂರಬೇಕು ಎಂದು ಪರೀಕ್ಷೆಯವರ ಷರತ್ತು. ಊರಿನಲ್ಲಿ ಅಂಥ ಜಾಗ ಒಂದೇ, ಹಿತ್ತಲ ಹುಳದ ಮನೆ. ದಪ್ಪ ಗೋಡೆ, ಕಿಟಕಿ ಬಾಗಿಲಿಗೆಲ್ಲ ಒದ್ದೆ ಗೋಣಿ.

ಮೊಮ್ಮಗಳು ಕೈಕಾಲು ತೊಳೆದು, ಸೋಂಕು ತಡೆಯಲು ಬಾಗಿಲಲ್ಲಿ ಹರಡಿದ ಸುಣ್ಣ ತುಳಿದು ಒಳಗೆ ಹೋಗಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಳು. ಮನೆಯ ಮಗಳು, ಅವಳಿಗೆ ತಡೆಯಿಲ್ಲ. ನಾನು ಬಾಗಿಲ ಹೊರಗೆ ಗೋಣಿಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೇ ಓಡಿ ಬಂದಳು.

"ಅಜ್ಜಿ, ಪರೀಕ್ಷೆ ಮಾಡೋ ಮೇಡಂ ರೂಮೆಲ್ಲ ಸುತ್ತ ತೋರ್ಸು ಅಂತಾವ್ರೆ."

"ಯಾಕೆ, ಬಾಡಿಗೆಗೆ ಬತ್ತಾಳಂತಾ?"

"ಯಾರೂ ಬಚ್ಚಿಟ್ಕೊಂಡು ಹೇಳ್ಕೊಡ್ತಿಲ್ಲ ಅಂತ ನೋಡ್ಬೇಕಂತೆ."

"ಒಡಹುಟ್ಟಿದೋಳ್ಗೇ ತೋರ್ಸಿಲ್ಲ ನಾನು. ಯಾವ್ಳೋ ಸ್ಪೇನ್ನೋಳ್ಗೆ ತೋರ್ಸ್ಲಾ?"

"ತೋರ್ಸ್ಲಿಲ್ಲ ಅಂದ್ರೆ ಪರೀಕ್ಷೆನೇ ಇಲ್ಲ ಅಜ್ಜಿ. ನನ್ ಕೆಲ್ಸ ಹೋಯ್ತು ಅಷ್ಟೇಯ."

ಮುಖ ನೋಡಿದೆ. ಅತ್ತಿದ್ದರೆ ಬೈದು ಕಳಿಸುತ್ತಿದ್ದೆ. ಅಳುತ್ತಿರಲಿಲ್ಲ, ಬಿಳಿಚಿಕೊಂಡಿದ್ದಳು. ಅದು ನಿಜವಾದ ಭಯ.

ಕಣ್ಣು ಕೋಣೆಯ ಮೇಲೆ ಬಿದ್ದರೆ ಬೀಳಲಿ, ಹುಳದ ಮೇಲೆ ಬೀಳದಿದ್ದರೆ ಆಯಿತಲ್ಲ? "ಸೀರೆ ತಕ್ಕೊಂಬಾ" ಎಂದು ಸೊಸೆಯನ್ನು ಕೂಗಿದೆ. ಹುಳದ ತಟ್ಟೆಗಳನ್ನು ಜೋಡಿಸಿದ ಅಟ್ಟಣೆಗಳು ಆಳೆತ್ತರ. ಒಂದೊಂದಕ್ಕೆ ಒಂದೊಂದು ಸೀರೆ ಮುಚ್ಚಿದರೆ ಕಾಣಿಸುವುದಿಲ್ಲ. ಸೊಸೆ ಬಾಚಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು.

"ಅತ್ತೆ, ಹಸ್ರುದು ನನ್ ಒಳ್ಳೆ ಸೀರೆ!"

"ಒಳ್ಳೇದೇ ಬೇಕು ಕಣಮ್ಮಿ. ಹಳೇದ್ರಲ್ಲಿ ತೂತೈತೆ."

ಅದರಲ್ಲೊಂದು ರೇಷ್ಮೆ ಸೀರೆ ಇತ್ತು, ಅದನ್ನು ಹಿಂದಕ್ಕೆ ಕೊಟ್ಟೆ. ಹುಳಕ್ಕೆ ಅದರ ಅಜ್ಜ ಅಜ್ಜಿಯರನ್ನೇ ಹೊದಿಸುವುದು ಸರಿಯಲ್ಲ. ಬೇರೆ ತಂದಳು. ಮುಚ್ಚಿ ಹೊರಗೆ ಬಂದೆವು. ಮೊಮ್ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಯ ಸುತ್ತ ತೋರಿಸಿದ್ದು ಗೋಣಿಯ ಸಂದಿಯಲ್ಲಿ ಕಾಣುತ್ತಿತ್ತು. ಆಮೇಲೆ ಯಂತ್ರದೊಳಗಿನ ಹೆಂಗಸಿನ ದನಿ ಗಡುಸಾಯಿತು. ಇವಳು ಮತ್ತೆ ಓಡಿ ಬಂದಳು.

"ಅಜ್ಜಿ, ಕೆಟ್ಟೋಯ್ತು. ಸೀರೆ ಉಟ್ಕೊಂಡು ನಿಂತಿರೋರು ಯಾರು ಅಂತಾವ್ರೆ."

ಆಗ ನಾನೂ ಗೋಣಿ ಸರಿಸಿ ಆ ಹೆಂಗಸಿನ ಕಣ್ಣಿನಿಂದ ನೋಡಿದೆ. ಆಳೆತ್ತರದ ಹೆಂಗಸರು ಮುಖ ಮುಚ್ಚಿಕೊಂಡು ಸಾಲಾಗಿ ನಿಂತ ಹಾಗೇ ಇತ್ತು. ಗಾಳಿಗೆ ಸೆರಗು ಮೆಲ್ಲಗೆ ಏಳುತ್ತಿತ್ತು, ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಸದ್ದು. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವಾಗ ಕೋಣೆಯೆಲ್ಲ ಪಿಸಪಿಸ ಎನ್ನುತ್ತದೆ. ನಮಗೆ ಅದು ಕೇಳಿಸುವುದೇ ಇಲ್ಲ. ಅವಳಿಗೆ ಕೇಳಿಸಿದೆ. ಸೀರೆಯೊಳಗೆ ಕೂತು ಒಂದು ಊರೇ ಉತ್ತರ ಪಿಸುಗುಟ್ಟುತ್ತಿದೆ ಎಂದುಕೊಂಡಿದ್ದಾಳೆ!

"ಸೀರೆ ತೆಗೀಬೇಕಂತೆ. ಇಲ್ದಿದ್ರೆ ಈಗ್ಲೇ ಮುಗ್ಸ್ತಾರಂತೆ" ಎಂದಳು.

ಒಂದು ಕಡೆ ಬೆಳೆ, ಒಂದು ಕಡೆ ಆ ಬೊಂಬೆ ಇಟ್ಟ ಮೇಜು. ನನ್ನ ಅತ್ತೆ ಇದ್ದಿದ್ದರೆ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ಅವಳ ಕಾಲದಲ್ಲಿ ನೋಡಬೇಕಾದವರು ನಡೆದು ಬರುತ್ತಿದ್ದರು. ಬಂದವರ ಕೈಗೆ ಸೊಪ್ಪು ಕೊಡಬಹುದು. ಇವಳಿಗೆ ಕಣ್ಣು ಮಾತ್ರ ಇದೆ, ಕೈ ಸ್ಪೇನಿನಲ್ಲಿದೆ. ಹಾಗೆಂದುಕೊಳ್ಳುವಾಗಲೇ ಹೊಳೆಯಿತು. ದೊಡ್ಡಮಳೂರಿನ ದೇವಸ್ಥಾನದಲ್ಲಿ ಇಲ್ಲಿ ಇಲ್ಲದವರ ಹೆಸರಿನಲ್ಲೂ ಅರ್ಚನೆ ಮಾಡಿಸುತ್ತೇವೆ. ದುಬೈಯಲ್ಲಿರುವವನಿಗೆ ಇಲ್ಲಿಂದಲೇ ಪುಣ್ಯ ಹೋಗಿ ಸೇರುತ್ತದೆ. ಪುಣ್ಯ ಹೋಗುವುದಾದರೆ ಒಂದು ಹಿಡಿ ಸೊಪ್ಪು ಹೋಗುವುದಿಲ್ಲವೇ?

"ಅವ್ಳ ಹೆಸ್ರಲ್ಲಿ ನೀನು ಸೊಪ್ ಹಾಕು. ಆಮೇಲ್ ಸೀರೆ ತೆಗಿ. ಹೆಸ್ರು, ಗೋತ್ರ ಕೇಳು" ಎಂದೆ.

"ಗೋತ್ರನಾ! ಅಜ್ಜಿ, ನಾನ್ ಹೆಂಗ್ ಕೇಳ್ಲಿ?"

"ಬಾಯಲ್ಲಿ ಕೇಳು. ಅದ್ನೇ ತಾನೆ ಇಷ್ಟ್ ದಿನ ಕಲ್ತಿದ್ದು?"

ಒಳಗೆ ಹೋದಳು. ಮೊದಲು ತಡವರಿಸಿದಳು. ಆಮೇಲೆ ನನಗೆ ಗೊತ್ತಿದ್ದ ಪದಗಳು ಒಂದೊಂದಾಗಿ ಕೇಳಿಸತೊಡಗಿದವು. ಗುಸಾನೊ. ಸೊಪ್ಪಿಗೆ ಓಹಾ. ಕಣ್ಣು, ಅಜ್ಜಿ, ಹಸಿವು. ನಡುನಡುವೆ ನನ್ನ ಮಂಡಿಯ ಮೇಲೆ ಬೆರಳು ತಾನಾಗಿ ದಪ್ ದಪ್ ಎನ್ನುತ್ತಿತ್ತು. ಆಮೇಲೆ ಆ ಹೆಂಗಸು ತನ್ನ ಹೆಸರು ಹೇಳಿದಳು. ಬಹಳ ಉದ್ದ, ಅರ್ಧ ದಾರಿಯಲ್ಲಿ ನಾನು ಕೈಬಿಟ್ಟೆ. ಅಪ್ಪನ ಮನೆಯ ಹೆಸರೂ ತಾಯಿಯ ಮನೆಯ ಹೆಸರೂ ಎರಡೂ ಅದರಲ್ಲಿದ್ದವಂತೆ. ಅದು ನನಗೆ ಸರಿ ಎನಿಸಿತು, ಗೋತ್ರಕ್ಕೆ ಅಷ್ಟು ಸಾಕು. ಮೊಮ್ಮಗಳು ಆ ಹೆಸರು ಪೂರ್ತಿ ಹೇಳಿ ಒಂದು ಹಿಡಿ ಸೊಪ್ಪು ಹಾಕಿ, ಒಂದೊಂದೇ ಸೀರೆ ತೆಗೆದಳು.

ಹೆಂಗಸು ಕಿರುಚಿದಳು. ಹೆದರಿ ಕಿರುಚಿದ್ದೋ ಸಂತೋಷಕ್ಕೋ ಎಂದು ಹೊರಗೆ ತಿಳಿಯಲಿಲ್ಲ. ಆಮೇಲೆ ಮೊಮ್ಮಗಳು ಹೇಳಿದ ಪ್ರಕಾರ, 'ನನ್ನ ರಜೆ'ಯನ್ನು ಆ ಹೆಂಗಸು ಪಕ್ಕಕ್ಕಿಟ್ಟು ಹುಳದ ಬಗ್ಗೆಯೇ ಕೇಳುತ್ತಾ ಹೋದಳಂತೆ. ಏನು ತಿನ್ನುತ್ತವೆ, ಎಷ್ಟು ಮಲಗುತ್ತವೆ, ನಾಲ್ಕು ಸಲ ಜ್ವರ ಬಂದರೆ ಔಷಧಿ ಕೊಡುವುದಿಲ್ಲವೇ. ಇವಳು ಗೂಡು ಕಟ್ಟಿಸುವ ಚಂದ್ರಿಕೆಯನ್ನು, ಆ ಬಿದಿರಿನ ಸುರುಳಿ ತಟ್ಟಿಯನ್ನು, ಎತ್ತಿ ತೋರಿಸಿದಳಂತೆ. ಎಲ್ಲ ಚೆನ್ನಾಗಿ ನಡೆಯುವಾಗ ಕೊನೆಗೊಂದು ಪ್ರಶ್ನೆ: ಗೂಡು ಕಟ್ಟಿದ ಮೇಲೆ ಒಳಗಿನ ಹುಳ ಏನಾಗುತ್ತದೆ?

"ನೀನ್ ಏನಂದೆ?" ಎಂದು ಕೇಳಿದೆ.

"ಬಿಸಿನೀರಲ್ಲಿ ಬೇಯ್ಸ್ತಾರೆ ಅಂದೆ ಅಜ್ಜಿ. ಬೇಯ್ಸಾದು ಅನ್ನೋ ಪದ ಅಡಿಗೆಮನೆ ಪಾಠದಲ್ಲಿತ್ತು."

"ಅದ್ಕೆ ಏನಂದ್ಲು?"

"ಥ್ಯಾಂಕ್ಸ್ ಹೇಳಿ ಆಫ್ ಮಾಡ್ಬುಟ್ರು."

ಆಗ ತಾನೇ ತನ್ನ ಹೆಸರಿನಲ್ಲಿ ಮೇವು ಹಾಕಿಸಿದ ಹೆಂಗಸು, ಪಾಪ.

"ಫೇಲ್ ಮಾಡ್ತಾರೆ ಅಜ್ಜಿ. ಸುಳ್ ಹೇಳ್ಬೇಕಾಗಿತ್ತು. ಚಿಟ್ಟೆ ಆಗಿ ಹಾರೋಯ್ತದೆ ಅಂದಿದ್ರೆ ಆಯ್ತಿತ್ತು."

"ಹಾರೋದ್ರೆ ನಾವೇನ್ ಗಾಳಿ ಉಡ್ತೀವಾ? ಹೇಳಿದ್ದು ಸರಿಯಾಗೈತೆ. ಎದ್ದು ಸೊಪ್ ಹಾಕು, ನಾಳೆ ಹಣ್ಣಾಯ್ತವೆ."

ಮಾರನೆಯ ದಿನ ಹಣ್ಣಾದವು. ಮನೆಯವರೆಲ್ಲ ಬಗ್ಗಿ ಹಣ್ಣು ಹುಳ ಆಯ್ದು ಚಂದ್ರಿಕೆಗೆ ಬಿಟ್ಟೆವು. ಮೊಮ್ಮಗಳು ಎರಡು ಮಾತಾಡಿದರೆ ಒಂದು ನಿಟ್ಟುಸಿರು. ಗೂಡು ಗಟ್ಟಿಯಾಗಿ ಬಂತು. ದೃಷ್ಟಿ ತಾಗಿರಲಿಲ್ಲ. ಮಗ ರಾಮನಗರದ ಮಾರುಕಟ್ಟೆಗೆ ಗೂಡು ಒಯ್ದು, ಒಳ್ಳೆಯ ರೇಟು ಸಿಕ್ಕಿತೆಂದು ನಗುತ್ತಾ ಬಂದ. ಅವನ ಮಗಳು ನಗಲಿಲ್ಲ. ದಿನಾ ರೈಲಿನಲ್ಲಿ ಬಿಡದಿಗೆ ಹೋಗಿ ಆ ಮೇಜಿನ ಮುಂದೆ, ಸೀಟು ಯಾವಾಗ ಬಿಡಿಸುತ್ತಾರೋ ಎಂದು ಕೂತು ಬರುತ್ತಿದ್ದಳು.

ಫಲಿತಾಂಶ ಬಂದಾಗ ನಾನು ಹುಳದ ಮನೆ ಗುಡಿಸುತ್ತಿದ್ದೆ. ರೈಲಿನಿಂದಲೇ ಫೋನ್ ಮಾಡಿದಳು. ಬರವಣಿಗೆಯಲ್ಲಿ ಅಂಚಿನಲ್ಲಿ ದಾಟಿದ್ದಾಳೆ, ಎರಡು ಗೆರೆ ಕಮ್ಮಿಯಾಗಿದ್ದರೆ ಮುಗಿದಿತ್ತಂತೆ. ಮಾತಿನಲ್ಲಿ ಮಾತ್ರ ತುಂಬಾ ಚೆನ್ನಾಗಿ ಬಂದಿದೆ. ಕೆಲಸ ಖಾಯಂ.

"ಅಜ್ಜಿ, ನೀನೇನೂ ಹೇಳಲ್ವಾ?"

"ಬರ್ತಾ ಬ್ಲೀಚಿಂಗ್ ಪೌಡರ್ ತಕ್ಕೊಂಬಾ" ಎಂದೆ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಪಾಸಾದ ಸುದ್ದಿಯ ಜೊತೆಗೆ ಸೀರೆ, ಸೊಪ್ಪು ಎಲ್ಲವನ್ನೂ ಸೊಸೆ ನೆಂಟರಿಗೆಲ್ಲ ಹೇಳಿದ್ದಳು. ಮುಂದಿನ ಬೆಳೆಯ ಹುಳ ನಾಲ್ಕನೇ ಜ್ವರ ಎದ್ದ ಹೊತ್ತಿಗೆ ಸರಿಯಾಗಿ ತಿಪ್ಪಸಂದ್ರದಿಂದ ತಂಗಿಯ ಫೋನ್ ಬಂತು. ಮೊಮ್ಮಗಳಿಗೆ ರಜೆ, ಅವಳೇ ಎತ್ತಿ ಮುಖ ಕಾಣುವ ಗುಂಡಿ ಒತ್ತಿ ನನ್ನ ಕೈಗೆ ಕೊಟ್ಟಳು. ಗಾಜಿನ ತುಂಬ ತಂಗಿಯ ಮುಖ.

"ಕಂಡ್ ಕೇಳ್ದಿರೋಳ್ಗೆ ತೋರ್ಸ್ದೆಯಂತೆ. ಈಗ ನಂಗೂ ತೋರ್ಸು. ನನ್ನೆಸ್ರಲ್ಲಿ ಸೊಪ್ ಹಾಕು. ಗೋತ್ರ ನಿಂಗ್ ಗೊತ್ತೈತಲ್ಲ?"

ಇಲ್ಲದವರ ಹೆಸರಿನಲ್ಲೂ ಸೊಪ್ಪು ಹಾಕಬಹುದೆಂದು ಕಟ್ಟು ಮಾಡಿದವಳೇ ನಾನು. ಮೊಮ್ಮಗಳು ಸೆರಗು ಬಾಯ್ಗಿಟ್ಟುಕೊಂಡ ಹಾಗೆ ದುಪಟ್ಟಾ ಕಚ್ಚಿಕೊಂಡು ನಗುತ್ತಿದ್ದಳು. ತಂಗಿಯ ಹೆಸರು ಹೇಳಿ ಒಂದು ಹಿಡಿ ಹಾಕಿದೆ. ಅವಳ ಬಾಯಿ ನೆನೆದು ಇನ್ನೊಂದು ಹಿಡಿ ಹಾಕಿದೆ. ಆಮೇಲೆ ಫೋನನ್ನು ತಟ್ಟೆಯ ಕಡೆ ತಿರುಗಿಸಿದೆ.

"ಅಯ್ಯೋ ಅಕ್ಕಾ, ಎಷ್ಟ್ ಚೆಂದಾಗ್..." ಎಂದಳು.

ಫೋನ್ ಕಟ್ ಮಾಡಿದೆ.